ಹಳೆಯ ಅಗೆತದ ಯಂತ್ರದ ನಾಡಿಪರೀಕ್ಷೆ

ಕೆರೆಯ ಹೂಳೆತ್ತುವುದಿರಲಿ, ಅಡಕೆಯ ತೋಟದಲ್ಲಿ ಬಸಿಗಾಲುವೆ ತೋಡುವುದಿರಲಿ, ಮನೆಯ ತಳಪಾಯ ಅಗೆಯುವುದಿರಲಿ, ಈಗ ನಮ್ಮ ಹಳ್ಳಿಗಳಲ್ಲಿ ಗುದ್ದಲಿಗಿಂತ ಮೊದಲು ನೆನಪಿಗೆ ಬರುವುದು ಹಳದಿ ಬಣ್ಣದ ಒಂದು ಯಂತ್ರ. ಅದರ ಮುಂಭಾಗದಲ್ಲಿ ಮಣ್ಣನ್ನು ಬಾಚಿ ತುಂಬುವ ಅಗಲವಾದ ಬಕೆಟ್ಟು. ಹಿಂಭಾಗದಲ್ಲಿ ಭುಜ, ಮೊಳಕೈ, ಮಣಿಕಟ್ಟುಗಳುಳ್ಳ ಮನುಷ್ಯನ ತೋಳಿನಂತೆ ಮಡಿಸಿ ಚಾಚುವ ಅಗೆತದ ತೋಳು. ಯಂತ್ರಶಾಸ್ತ್ರಜ್ಞರು ಇದನ್ನು ಬ್ಯಾಕ್‌ಹೋ ಲೋಡರ್ ಎನ್ನುತ್ತಾರೆ. ಜನರು ಮಾತ್ರ, ತಯಾರಕರು ಯಾರೇ ಆಗಿರಲಿ, ಜೆಸಿಬಿ ಎಂದೇ ಕರೆಯುವರು. ಅವು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಆಂಗ್ಲ ಉದ್ಯಮಿಯ ಹೆಸರಿನ ಮೊದಲಕ್ಷರಗಳು. ೧೯೪೫ರಲ್ಲಿ ಬಾಡಿಗೆಯ ಗ್ಯಾರೇಜೊಂದರಲ್ಲಿ ಬೇಸಾಯದ ಟ್ರೇಲರುಗಳನ್ನು ಕಟ್ಟುತ್ತ ಕೆಲಸ ಆರಂಭಿಸಿದ ಆತನು, ೧೯೫೩ರಲ್ಲಿ ಟ್ರ್ಯಾಕ್ಟರಿಗೆ ಅಗೆಯುವ ತೋಳನ್ನು ಜೋಡಿಸಿ ಈ ಬಗೆಯ ಯಂತ್ರವನ್ನು ಹೊರತಂದನು. ೧೯೭೯ರಲ್ಲಿ ಆ ಸಂಸ್ಥೆ ಪಾಲುದಾರಿಕೆಯಲ್ಲಿ ಭಾರತಕ್ಕೆ ಬಂದಿತು. ವ್ಯಕ್ತಿಯೊಬ್ಬನ ಹೆಸರು ಹೀಗೆ ವಸ್ತುವಿನ ಹೆಸರಾಗಿ ಹಳ್ಳಿಯ ಬಾಯಲ್ಲಿ ನಿಂತದ್ದು ಅಪರೂಪವೇ ಸರಿ.

ಹೊಸ ಯಂತ್ರಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಆದಕಾರಣ, ಬಾಡಿಗೆಯ ಕೆಲಸದಿಂದ ಜೀವನ ಸಾಗಿಸಬೇಕೆಂದಿರುವ ತರುಣರು ಹತ್ತು ಹದಿನೈದು ವರ್ಷ ದುಡಿದ ಯಂತ್ರವನ್ನು ಕೊಳ್ಳುವುದೇ ಹೆಚ್ಚು. ತಿಪಟೂರಿನ ಕಡೆಯ ನಮ್ಮ ಪರಿಚಿತರೊಬ್ಬರು ಹಾಗೆ ಮಾಡಿದರು. ತಾಯಿಯ ಒಡವೆಗಳನ್ನು ಒತ್ತೆಯಿಟ್ಟು, ಉಳಿದುದಕ್ಕೆ ಸಾಲ ತಂದು, ಬೇಸಗೆಯ ಕೊನೆಯಲ್ಲಿ ಯಂತ್ರವೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ಮೂರು ವಾರ ಕಳೆಯುವುದರೊಳಗೆ ತೋಳಿನ ಚಲನೆಗಳೆಲ್ಲ ಮಂದವಾದುವು. ಎಂಜಿನ್ನಿನ ಪಕ್ಕದಿಂದ ಗೋಳಾಟದಂಥ ಸದ್ದು ಹೊರಟಿತು. ಬಂದ ಮೆಕ್ಯಾನಿಕನು ಕಿವಿಗೊಟ್ಟು ಕೇಳಿ, "ಪಂಪು ಹೋಗಿದೆ, ಅಣ್ಣಾ" ಎಂದನು. ಮತ್ತೆ ಸಾಲ ಮಾಡಿ ಪಂಪನ್ನು ಬದಲಿಸಿದರು. ಮಾರನೆಯ ದಿನ ಅದೇ ಸದ್ದು, ಅದೇ ಮಾಂದ್ಯ! ಅಷ್ಟರಲ್ಲಿ ಮಳೆ ಹಿಡಿಯಿತು. ಕೆಲಸದ ಕಾಲ ಮುಗಿದುಹೋಯಿತು. ದೋಷವು ಎಲ್ಲಿತ್ತೆಂಬುದನ್ನು ಮುಂದೆ ಹೇಳುವೆವು. ಅದನ್ನು ತಿಳಿಯಬೇಕಾದರೆ ಈ ಯಂತ್ರದ ರಕ್ತಪರಿಚಲನೆಯ ಕ್ರಮವನ್ನು ಮೊದಲು ಅರಿಯಬೇಕು.

ತೋಳನ್ನು ಎತ್ತಿ ಇಳಿಸುವುದು ಹಲ್ಲುಗಾಲಿಗಳಲ್ಲ, ಹಗ್ಗಗಳೂ ಅಲ್ಲ, ಎಣ್ಣೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಕುಂದದೆ ಎಲ್ಲೆಡೆಗೂ ಹರಡುವುದೆಂಬ ತತ್ತ್ವವನ್ನು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿಕೊಟ್ಟನು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ತ್ವದಿಂದ ದ್ರವದ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ನಮ್ಮ ಯಂತ್ರದ ಸಿಲಿಂಡರಿನ ಒಳವ್ಯಾಸ ೧೦ ಸೆಂಟಿಮೀಟರೆಂದೂ, ಎಣ್ಣೆಯ ಒತ್ತಡವು ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಮೆಂದೂ ಇಟ್ಟುಕೊಳ್ಳೋಣ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು ೭೮.೫ ಚದರ ಸೆಂಟಿಮೀಟರು. ಆದ್ದರಿಂದ ಅದರ ತಳ್ಳುಬಲ ೧೫,೭೦೦ ಕಿಲೋಗ್ರಾಂ, ಎಂದರೆ ಹದಿನೈದು ಟನ್ನಿಗೂ ಮಿಗಿಲು. ಕೈಯಷ್ಟು ದಪ್ಪದ ಕೊಳವೆಯಲ್ಲಿ ಅಡಗಿರುವ ಈ ಬಲವನ್ನು ನೆನೆದಾಗ ಭಯವೂ ಆಗಬೇಕು. ಅದರ ವಿಚಾರ ಕೊನೆಯಲ್ಲಿ ಬರುವುದು.

ಎಣ್ಣೆಯ ತೊಟ್ಟಿಯಿಂದ ಪಂಪು ಎಣ್ಣೆಯನ್ನು ಎಳೆದು ಕವಾಟಗಳ ಪೆಟ್ಟಿಗೆಗೆ ಕಳುಹಿಸುತ್ತದೆ. ಚಾಲಕನು ಯಾವ ಸನ್ನೆಯನ್ನೂ ಮುಟ್ಟದಿದ್ದರೆ, ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ, ಎಣ್ಣೆಯು ಪೆಟ್ಟಿಗೆಯ ನಡುವಿನಿಂದ ಹಾದು ಫಿಲ್ಟರಿನ ಮೂಲಕ ತೊಟ್ಟಿಗೆ ಮರಳುವುದು. ಸನ್ನೆಯನ್ನು ಎಳೆದಾಗ ಕವಾಟದೊಳಗಿನ ಉಕ್ಕಿನ ಕಡ್ಡಿಯೊಂದು ಜರುಗಿ ಎಣ್ಣೆಯನ್ನು ಬೇಕಾದ ಸಿಲಿಂಡರಿಗೆ ತಿರುಗಿಸುವುದು. ಇಲ್ಲಿ ಬಹುಮಂದಿ ಮೆಕ್ಯಾನಿಕರೂ ಮರೆಯುವ ಸೂಕ್ಷ್ಮವೊಂದುಂಟು. ಪಂಪು ಕೊಡುವುದು ಹರಿವನ್ನೇ ಹೊರತು ಒತ್ತಡವನ್ನಲ್ಲ. ಹರಿವಿಗೆ ಭಾರವು ಅಡ್ಡಬಂದಾಗ ಮಾತ್ರ ಒತ್ತಡ ಹುಟ್ಟುತ್ತದೆ. ಆ ಒತ್ತಡವು ಮಿತಿಮೀರದಂತೆ ಪರಿಹಾರ ಕವಾಟವೊಂದು ಕಾಯುತ್ತಿರುವುದು. ಮಿತಿ ಬಂದೊಡನೆ ಅದು ತೆರೆದು ಎಣ್ಣೆಯನ್ನು ತೊಟ್ಟಿಗೆ ಬಿಟ್ಟುಬಿಡುತ್ತದೆ. ಆದಕಾರಣ, ತೋಳು ನಿಧಾನವಾಯಿತೇ, ನಿಶ್ಶಕ್ತವಾಯಿತೇ ಎಂಬುದನ್ನು ಬೇರೆಬೇರೆಯಾಗಿ ಕೇಳಬೇಕು. ಖಾಲಿ ಬಕೆಟ್ಟು ಚುರುಕಾಗಿ ಏಳುತ್ತದೆ, ಆದರೆ ಗಟ್ಟಿನೆಲಕ್ಕೆ ಹಲ್ಲು ಊರಿದೊಡನೆ ನಿಂತುಬಿಡುತ್ತದೆ ಎಂದರೆ ಮೊದಲ ಸಂಶಯ ಪರಿಹಾರ ಕವಾಟದ ಮೇಲೆ. ಅದರ ಬಾಯಲ್ಲಿ ಒಂದು ಮರಳುಕಣ ಸಿಕ್ಕಿಕೊಂಡಿದ್ದರೂ ಸಾಕು. ಖಾಲಿ ಬಕೆಟ್ಟೇ ತೆವಳುವಂತಾದರೆ ಹರಿವಿನ ಕೊರತೆ.

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಬೆಲೆಯುಳ್ಳದ್ದು: ರೋಗವು ಒಂದು ಅಂಗಕ್ಕೋ, ಸರ್ವಾಂಗಕ್ಕೋ? ಮೊಳಕೈ ಮಾತ್ರ ಸೋತು, ಭುಜ, ಬಕೆಟ್ಟು, ನೆಲಕ್ಕೂರುವ ಜಾಕುಗಳು, ಮುಂದಿನ ಲೋಡರು ಎಲ್ಲವೂ ಸರಿಯಾಗಿದ್ದರೆ ಪಂಪನ್ನು ದೂರಬಾರದು. ಎಲ್ಲಕ್ಕೂ ಅದೇ ಪಂಪು ಎಣ್ಣೆ ಕೊಡುತ್ತಿರುವುದಲ್ಲವೆ? ದೋಷವು ಆ ಒಂದು ಸಿಲಿಂಡರಿನಲ್ಲಿ, ಅದರ ಹೋಸುಗಳಲ್ಲಿ, ಇಲ್ಲವೆ ಅದರ ಪಾಲಿನ ಕವಾಟದಲ್ಲಿ ಇರಬೇಕು. ಎಲ್ಲ ಅಂಗಗಳೂ ಸೋತಿದ್ದರೆ ಎಲ್ಲಕ್ಕೂ ಸಮಾನವಾದ ಭಾಗಗಳನ್ನು ಹುಡುಕಬೇಕು. ತೊಟ್ಟಿಯ ಎಣ್ಣೆಯ ಮಟ್ಟ, ಎಳೆಗೊಳವೆ, ಫಿಲ್ಟರು, ಮುಖ್ಯ ಪರಿಹಾರ ಕವಾಟ, ಇವೆಲ್ಲ ಆದ ಮೇಲೆ ಪಂಪು. ಅಗ್ಗದಿಂದ ದುಬಾರಿಗೆ, ಹೊರಗಿನಿಂದ ಒಳಕ್ಕೆ ಹೋಗುವ ಈ ಕ್ರಮವನ್ನು ತಲೆಕೆಳಗು ಮಾಡಿದವರು ನಮ್ಮ ಪರಿಚಿತರಂತೆ ಹಣ ಕಳೆದುಕೊಳ್ಳುವರು.

ಪಂಪು ನಿಜವಾಗಿಯೂ ಸವೆದಿದ್ದರೆ ಅದಕ್ಕೆ ತನ್ನದೇ ಲಕ್ಷಣವುಂಟು. ಬೆಳಗ್ಗೆ ಯಂತ್ರ ಚುರುಕು. ಹನ್ನೊಂದು ಗಂಟೆಯ ಹೊತ್ತಿಗೆ ಸೋಮಾರಿ. ಹಳೆಯ ಯಂತ್ರಗಳ ಪಂಪಿನಲ್ಲಿ ಎರಡು ಹಲ್ಲುಗಾಲಿಗಳು ಒಂದರೊಳಗೊಂದು ಹೆಣೆದು ತಿರುಗುತ್ತ, ಹಲ್ಲುಗಳ ಸಂದಿನಲ್ಲಿ ಎಣ್ಣೆಯನ್ನು ಹೊತ್ತು ಸಾಗಿಸುತ್ತವೆ. ಗಾಲಿಗಳಿಗೂ ಕವಚಕ್ಕೂ ನಡುವಣ ಬಿಡುವು ಅತ್ಯಲ್ಪ. ಇಂಥ ಕಿರುಸಂದಿನಲ್ಲಿ ಸೋರುವ ಎಣ್ಣೆಯ ಪ್ರಮಾಣವು ಬಿಡುವಿನ ಘನಕ್ಕೆ ಅನುಗುಣವಾಗಿರುವುದೆಂದು ದ್ರವಗತಿಶಾಸ್ತ್ರವು ಹೇಳುತ್ತದೆ: ಬಿಡುವು ಇಮ್ಮಡಿಯಾದರೆ ಸೋರಿಕೆ ಎಂಟು ಮಡಿ. ಅಲ್ಲದೆ, ಎಣ್ಣೆ ತೆಳುವಾದಷ್ಟೂ ಸೋರಿಕೆ ಹೆಚ್ಚು. ತಣ್ಣಗಿದ್ದಾಗ ಹರಳೆಣ್ಣೆಯಂತಿರುವ ಎಣ್ಣೆಯು ಕಾದ ಮೇಲೆ ನೀರಿನತ್ತ ಸಾಗುವುದರಿಂದ, ಸವೆದ ಪಂಪಿನ ಗುಟ್ಟು ಬಿಸಿಲೇರಿದ ಮೇಲೆಯೇ ರಟ್ಟಾಗುವುದು. ಯಂತ್ರವನ್ನು ಕೊಳ್ಳಹೋದವರು ಬೆಳಗ್ಗೆ ಹತ್ತು ನಿಮಿಷ ತೋಳಾಡಿಸಿ ನೋಡಿ ಮುಂಗಡ ಕೊಟ್ಟು ಬಂದರೆ ಏನಾಗುವುದೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಬೆಳಗಿನ ಪರೀಕ್ಷೆಯೂ ಬೇಕು. ಏಕೆಂದರೆ ಎಂಜಿನ್ನಿನ ರೋಗಗಳು ತಣ್ಣಗಿರುವಾಗಲೇ ಕಾಣುತ್ತವೆ. ಮಾರುವವನು ಯಂತ್ರವನ್ನು ಮೊದಲೇ ಕಾಯಿಸಿಟ್ಟಿರುವನೇ ಎಂದು ಎಂಜಿನ್ನನ್ನು ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು.

ಈಗ ತಿಪಟೂರಿನ ಯಂತ್ರಕ್ಕೆ ಬರೋಣ. ಮಳೆಗಾಲ ಕಳೆದ ಮೇಲೆ ವಯಸ್ಸಾದ ಕೆಲಸಗಾರರೊಬ್ಬರು ಬಂದು, ಪಂಪಿನ ಗೊಡವೆಗೆ ಹೋಗದೆ, ತೊಟ್ಟಿಯ ಮುಚ್ಚಳವನ್ನು ತೆರೆಸಿದರು. ಎಣ್ಣೆಯ ಮೇಲೆ ಕಡೆದ ಮಜ್ಜಿಗೆಯಂಥ ನೊರೆ. ಒಂದು ಗಾಜಿನ ಲೋಟದಲ್ಲಿ ಎಣ್ಣೆಯನ್ನು ತೆಗೆದು ಕಟ್ಟೆಯ ಮೇಲಿಟ್ಟು ಚಹಾ ಕುಡಿದರು. ಒಂದು ಗಂಟೆಯೊಳಗೆ ಎಣ್ಣೆ ತಿಳಿಯಾಯಿತು. ನೀರು ಬೆರೆತಿದ್ದರೆ ಅದು ಹಾಲಿನಂತೆಯೇ ಉಳಿಯಬೇಕಾಗಿತ್ತು. ತಿಳಿಯಾದದ್ದರಿಂದ ಅದರಲ್ಲಿದ್ದುದು ಗಾಳಿ. ಎಣ್ಣೆಗೆ ಗಾಳಿ ಎಲ್ಲಿಂದ ಬಂದಿತು? ತೊಟ್ಟಿಗೂ ಪಂಪಿಗೂ ನಡುವಣ ಕೊಳವೆಯೊಂದರಲ್ಲಿ ಮಾತ್ರ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಕಡಿಮೆ. ಉಳಿದೆಡೆಗಳಲ್ಲಿ ಬಿರುಕಿದ್ದರೆ ಎಣ್ಣೆ ಹೊರಕ್ಕೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಗೊಳವೆಯಲ್ಲಿ ಬಿರುಕಿದ್ದರೆ ಗಾಳಿ ಒಳಕ್ಕೆ ಸೇರುತ್ತದೆ, ಹೊರಗೆ ಒಂದು ತೊಟ್ಟೂ ಕಾಣದೆ ಇರಬಹುದು. ಯಂತ್ರವನ್ನು ಮಂದಗತಿಯಲ್ಲಿ ಓಡಿಸುತ್ತ, ಆ ಕೊಳವೆಯ ಕೀಲುಗಳ ಮೇಲೆ ಅವರು ಗಟ್ಟಿ ಎಣ್ಣೆಯನ್ನು ಸುರಿದರು. ಪಂಪಿನ ಬಳಿಯ ಪಟ್ಟಿಯ ಮೇಲೆ ಸುರಿದಾಗ ಗೋಳಾಟ ನಿಂತಿತು. ಗಾಳಿಗೆ ಬದಲಾಗಿ ಎಣ್ಣೆಯೇ ಒಳಸೇರಿತಲ್ಲ! ಗಡಸಾಗಿ ಸೀಳು ಬಿಟ್ಟಿದ್ದ ಒಂದು ಮೊಳ ರಬ್ಬರು ಹೋಸು, ಎರಡು ಪಟ್ಟಿಗಳು. ಅಷ್ಟೇ. ತೆಗೆದುಹಾಕಿದ ಹಳೆಯ ಪಂಪು ಇಂದಿಗೂ ಅವರ ಕೊಟ್ಟಿಗೆಯಲ್ಲಿದೆ.

ಎಣ್ಣೆಯಲ್ಲಿ ನೀರಿರುವ ಸಂಶಯ ಬಂದರೆ ಬೇರೊಂದು ಉಪಾಯವುಂಟು. ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟರೆ, ನೀರು ಬೆರೆತ ಎಣ್ಣೆ ಒಗ್ಗರಣೆಯಂತೆ ಚಟಪಟಗುಟ್ಟುವುದು. ಮುಖವನ್ನು ದೂರವಿಟ್ಟುಕೊಳ್ಳಬೇಕು.

ಎತ್ತಿ ನಿಲ್ಲಿಸಿದ ತೋಳು ತಾನಾಗಿ ಇಳಿಯುವುದು ಹಳೆಯ ಯಂತ್ರಗಳ ಸರ್ವಸಾಮಾನ್ಯ ಕಾಯಿಲೆ. "ಸೀಲು ಹೋಗಿದೆ" ಎಂಬುದು ಅದಕ್ಕೆ ಸಿದ್ಧ ಉತ್ತರ. ಸಿಲಿಂಡರನ್ನು ಬಿಚ್ಚಿ, ಪಿಸ್ಟನ್ನಿನ ಸುತ್ತಲಿನ ಸೀಲುಗಳನ್ನು ಬದಲಿಸುತ್ತಾರೆ. ಕೆಲವು ಸಲ ವಾಸಿಯಾಗುತ್ತದೆ, ಕೆಲವು ಸಲ ಇಲ್ಲ. ಇದರ ಕಾರಣ ಬಹಳ ರಮಣೀಯವಾಗಿದೆ. ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಪಿಸ್ಟನ್ನಿನ ಎರಡು ಪಕ್ಕಗಳಲ್ಲೂ ಎಣ್ಣೆ ತುಂಬಿದೆ. ಎರಡು ಬಾಯಿಗಳನ್ನೂ ಕವಾಟವು ಭದ್ರವಾಗಿ ಮುಚ್ಚಿದೆ. ಆದರೆ ಪಿಸ್ಟನ್ನಿನ ಸೀಲು ಪೂರ್ತಿ ಹರಿದುಹೋಗಿದೆ ಎಂದು ಊಹಿಸಿರಿ. ಭಾರವು ಪಿಸ್ಟನ್ನಿನ ದಂಡವನ್ನು ಒಳಕ್ಕೆ ಒತ್ತುತ್ತಿದೆ. ದಂಡವು ಇಳಿಯುವುದೆ? ಇಳಿಯಲಾರದು. ದಂಡವು ಒಳಬಂದಷ್ಟೂ ಅದಕ್ಕೆ ಸ್ಥಳ ಬೇಕು. ಎಣ್ಣೆಯಾದರೋ ಅದುಮಿದರೆ ಕುಗ್ಗುವ ವಸ್ತುವಲ್ಲ, ಹೊರಹೋಗಲು ದಾರಿಯೂ ಇಲ್ಲ. ತುಂಬಿದ ಕೊಡದೊಳಕ್ಕೆ, ಒಂದು ಹನಿಯೂ ಚೆಲ್ಲದಂತೆ, ಒನಕೆಯನ್ನು ಇಳಿಸಲಾಗದಷ್ಟೇ ಇದೂ ಅಸಾಧ್ಯ. ಬದಲಾಗಿ, ಭಾರವು ದಂಡವನ್ನು ಹೊರಕ್ಕೆ ಎಳೆಯುತ್ತಿದ್ದರೆ? ಆಗ ಎಣ್ಣೆಯು ಹರಿದ ಸೀಲಿನ ಮೂಲಕ ಆಚೆಯ ಪಕ್ಕಕ್ಕೆ ಜಾರುವುದು, ದಂಡವು ಹೊರಬಂದಷ್ಟು ಸ್ಥಳ ತೆರವಾಗುವುದು, ತೋಳು ಇಳಿಯುವುದು.

ಮುಂದಿನ ಲೋಡರಿನ ತೋಳುಗಳನ್ನು ಸಿಲಿಂಡರುಗಳು ಕೆಳಗಿನಿಂದ ತಳ್ಳಿ ಹೊತ್ತಿರುತ್ತವೆ. ಆದಕಾರಣ ಅವು ಇಳಿಯುತ್ತಿದ್ದರೆ ಸೀಲೊಂದನ್ನೇ ದೂರುವುದು ತಪ್ಪು. ಎಣ್ಣೆಯು ಕವಾಟದ ಮೂಲಕ ತೊಟ್ಟಿಗೆ ನುಸುಳುತ್ತಿರಲೇಬೇಕು, ಇಲ್ಲವೆ ಹೊರಗೆ ಸೋರುತ್ತಿರಬೇಕು. ಹಿಂದಿನ ಅಗೆತದ ಭುಜವನ್ನಾದರೋ ಬಹಳ ಯಂತ್ರಗಳಲ್ಲಿ ಸಿಲಿಂಡರು ಎಳೆದು ಹಿಡಿದಿರುತ್ತದೆ. ಅಲ್ಲಿ ಸೀಲು ಅಪರಾಧಿಯಾಗಿರುವುದು ಸಾಧ್ಯ. ತಮ್ಮ ಯಂತ್ರದ ಪಕ್ಕದಲ್ಲಿ ನಿಂತು, ತೋಳು ಏಳುವಾಗ ಹೊಳೆಯುವ ದಂಡ ಹೊರಬರುವುದೋ ಒಳಹೋಗುವುದೋ ಎಂದು ನೋಡಿದರೆ ಯಾರಿಗಾದರೂ ತಿಳಿಯುವ ವಿಷಯವಿದು.

ಹಾಗಾದರೆ ಲೋಡರಿನ ಸೀಲು ಬದಲಿಸಿದಾಗಲೂ ಕೆಲವೊಮ್ಮೆ ಗುಣ ಕಾಣುವುದೇಕೆ? ಸೀಲು ಹರಿದಾಗ ಪಿಸ್ಟನ್ನಿನ ಎರಡು ಪಕ್ಕಗಳಲ್ಲೂ ಒತ್ತಡ ಸಮವಾಗಿ, ಭಾರವನ್ನು ದಂಡದ ವಿಸ್ತೀರ್ಣವೊಂದೇ ಹೊರಬೇಕಾಗುತ್ತದೆ. ೧೦ ಸೆಂಟಿಮೀಟರು ಪಿಸ್ಟನ್ನಿಗೆ ೫ ಸೆಂಟಿಮೀಟರು ದಂಡವಿದ್ದರೆ ವಿಸ್ತೀರ್ಣ ನಾಲ್ಕರಲ್ಲೊಂದು ಪಾಲು. ಆದ್ದರಿಂದ ಒತ್ತಡ ನಾಲ್ಕು ಮಡಿ. ಕವಾಟದ ಉಕ್ಕಿನ ಕಡ್ಡಿಗೆ ರಬ್ಬರಿನ ಸೀಲಿಲ್ಲ. ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಬಿಡುವಿನಲ್ಲಿ ಅದು ಕೂತಿರುತ್ತದೆ, ಹೊಸದಾಗಿದ್ದಾಗಲೂ ಕೊಂಚ ಸೋರುತ್ತದೆ. ಒತ್ತಡ ನಾಲ್ಕು ಮಡಿಯಾದಾಗ ಆ ಸೋರಿಕೆಯೂ ಅದೇ ಪ್ರಮಾಣದಲ್ಲಿ ಏರುವುದು. ಸೀಲು ಬದಲಿಸಿದವನಿಗೆ ಅರ್ಧ ಜಯ ದೊರೆಯುವುದು ಇದರಿಂದಲೇ.

ಇಳಿತವನ್ನು ಬಾಯಿಮಾತಿನಲ್ಲಿ ಹೇಳದೆ ಅಳೆಯಬೇಕು. ಎಣ್ಣೆ ಬಿಸಿಯಾಗಿರುವಾಗ ತೋಳನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಬಕೆಟ್ಟಿನ ಹಲ್ಲಿನಿಂದ ನೆಲಕ್ಕಿರುವ ಎತ್ತರವನ್ನು ಪಕ್ಕದಲ್ಲಿ ನಿಲ್ಲಿಸಿದ ಗಳುವಿನ ಮೇಲೆ ದೂರದಿಂದಲೇ ಗುರುತಿಸಿ, ಹತ್ತು ನಿಮಿಷದ ಅನಂತರ ಮತ್ತೆ ಗುರುತಿಸಬೇಕು. ಎಷ್ಟರವರೆಗೆ ಇಳಿಯಬಹುದೆಂಬುದನ್ನು ತಯಾರಕರ ಕೈಪಿಡಿ ತಿಳಿಸುತ್ತದೆ. ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ರೋಗದ ಬೆಳವಣಿಗೆ ಮುಂಚೆಯೇ ಕಾಣುವುದು. ಸನ್ನೆಯನ್ನು ಮೆಲ್ಲಗೆ ಎಳೆದಾಗ ತೋಳು ಮೊದಲು ಸ್ವಲ್ಪ ಕುಸಿದು ಆಮೇಲೆ ಏಳುವುದಾದರೆ ಅದು ಸೀಲಿನ ಮಾತಲ್ಲ. ಕವಾಟದೊಳಗೆ ಎಣ್ಣೆಯನ್ನು ಹಿಂದಕ್ಕೆ ಬಿಡದೆ ತಡೆಯುವ ಏಕಮುಖ ಕವಾಟದಲ್ಲಿ ಕಸ ಕೂತಿದೆ ಅಥವಾ ಅದು ಸವೆದಿದೆ.

ಎಂಜಿನ್ನಿನ ವಿಷಯದಲ್ಲಿ ನಾವು ಹೆಚ್ಚು ಬರೆಯುವುದಿಲ್ಲ. ಡೀಸೆಲ್ ಎಂಜಿನ್ನನ್ನು ಬಲ್ಲವರು ಊರೂರಲ್ಲೂ ಇದ್ದಾರೆ. ಹೊಗೆಯು ಕಪ್ಪಾದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಾದ ಮೇಲೂ ಬಿಳಿಯಾಗಿಯೇ ಇದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ತಣಿಸುವ ನೀರು ಒಳಸೇರುತ್ತಿದೆ. ಆದರೆ ಧೂಳಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆವು. ಕಲ್ಲುಗಣಿಯಲ್ಲಿಯೂ ಒಣಗಿದ ಕೆರೆಯಲ್ಲಿಯೂ ಏಳುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿನ್ಯದ ಮೋಸ್ ಮಾನದಲ್ಲಿ ಅದರ ಸ್ಥಾನ ೭. ಸಾಧಾರಣ ಉಕ್ಕನ್ನು ಅದು ಸಲೀಸಾಗಿ ಗೀರಬಲ್ಲುದು. ಗಾಳಿಯ ಫಿಲ್ಟರಿನ ಕಾಗದದಲ್ಲಿ ಒಂದು ಸೂಜಿಮೊನೆಯಷ್ಟು ತೂತಾದರೂ ಈ ಕಣಗಳು ಸಿಲಿಂಡರಿನ ಗೋಡೆಯನ್ನು ಉಜ್ಜಿ ಸವೆಸುತ್ತವೆ. ಚಾಲಕರು ದಿನವೂ ಫಿಲ್ಟರನ್ನು ಗಾಲಿಗೆ ಬಡಿದು ಕೊಡವುವುದನ್ನು ನಾವು ಕಂಡಿದ್ದೇವೆ. ಶುಚಿತ್ವದ ಹೆಸರಿನಲ್ಲಿ ಎಂಜಿನ್ನಿಗೆ ಮಾಡುವ ಅಪಕಾರವಿದು. ಕಾಗದವು ಕಟ್ಟಿಕೊಂಡಿದ್ದರೆ ಬದಲಿಸುವುದೇ ಮೇಲು.

ಗಂಟೆಗಳ ಲೆಕ್ಕ ತೋರಿಸುವ ಮೀಟರನ್ನು ನಂಬಬೇಕೆ? ಅದು ಕೆಟ್ಟು ನಿಂತಿರಬಹುದು, ಬದಲಾಗಿರಬಹುದು. ಬ್ರೇಕಿನ ಪೆಡಲಿನ ರಬ್ಬರು ನುಣ್ಣಗೆ ಸವೆದು, ಸನ್ನೆಗಳ ಹಿಡಿಗಳು ಹೊಳಪೇರಿ, ಆಸನದ ಬದಿ ಹರಿದಿರುವ ಯಂತ್ರದಲ್ಲಿ ಮೀಟರು ಮೂರು ಸಾವಿರ ಗಂಟೆ ತೋರಿಸುತ್ತಿದ್ದರೆ ಪೆಡಲನ್ನೇ ನಂಬಬೇಕು.

ಕೀಲುಗಳ ಪಿನ್ನು ಮತ್ತು ಬುಷ್ಷುಗಳ ಸವೆತವನ್ನು ನೋಡಲು ಬಕೆಟ್ಟನ್ನು ನೆಲಕ್ಕೆ ಮೆಲ್ಲಗೆ ಊರಿ, ತೋಳಿನ ಭಾರವನ್ನು ಹೇರುತ್ತ ಸಡಿಲಿಸುತ್ತ ಇದ್ದರೆ ಪ್ರತಿಯೊಂದು ಕೀಲೂ ಎಷ್ಟು ಅಲುಗುವುದೆಂಬುದು ಪಕ್ಕದಲ್ಲಿ ನಿಂತವರಿಗೆ ಕಾಣುವುದು. ಬಕೆಟ್ಟಿನ ಬಳಿಯ ಪಿನ್ನುಗಳು ಸವೆದಿದ್ದರೆ ಖರ್ಚು ಸ್ವಲ್ಪದರಲ್ಲಿ ಮುಗಿಯುವುದು. ಇಡೀ ತೋಳು ಎಡಬಲಕ್ಕೆ ತಿರುಗುವ ನಡುಗಂಬದ ಕೀಲು ಅಲುಗುತ್ತಿದ್ದರೆ ಬೆಲೆಯನ್ನು ಬಹಳವಾಗಿ ಇಳಿಸಿ ಕೇಳಬೇಕು, ಇಲ್ಲವೆ ಕೈಬಿಡಬೇಕು. ಹೊಸ ಬಣ್ಣ ಬಳಿದ ತೋಳಿನ ಮೇಲೆ ತುಕ್ಕಿನ ಸಣ್ಣ ಗೆರೆಯೊಂದು ಮೂಡಿದ್ದರೆ, ಅದರ ಕೆಳಗೆ ಲೋಹ ಬಿರಿದಿರುವ ಸಂಭವ ಹೆಚ್ಚು. ಬಿರುಕನ್ನು ಬೆಸೆಯುವಾಗ ಬ್ಯಾಟರಿಯ ತಂತಿಗಳನ್ನು ಕಳಚಿ, ವೆಲ್ಡಿಂಗಿನ ಭೂತಂತಿಯನ್ನು ಬೆಸುಗೆಯ ಪಕ್ಕದಲ್ಲಿಯೇ ಕಚ್ಚಿಸಬೇಕು. ದೂರದಲ್ಲಿ ಕಚ್ಚಿಸಿದರೆ ವಿದ್ಯುತ್ತು ಕೀಲುಗಳನ್ನೂ ಸಿಲಿಂಡರಿನ ದಂಡವನ್ನೂ ಹಾದುಹೋಗಿ ಅಲ್ಲಲ್ಲಿ ಸುಟ್ಟ ಗುಳಿಗಳನ್ನು ಮಾಡುತ್ತದೆ. ಇನ್ನು ಗ್ರೀಸು: ಅದು ಜಾರಿಕೆಗಾಗಿ ಮಾತ್ರವಲ್ಲ, ಕೀಲಿನೊಳಗಿನ ಮಣ್ಣನ್ನು ಹೊರದೂಡುವುದಕ್ಕಾಗಿ. ಆದಕಾರಣ ಅಂಚಿನಲ್ಲಿ ಹೊಸ ಗ್ರೀಸು ಇಣುಕುವವರೆಗೆ ದಿನವೂ ಒತ್ತಬೇಕು. ನೀರಿನಲ್ಲಿ ಅಗೆದ ದಿನ ಸಂಜೆ ಮತ್ತೊಮ್ಮೆ.

ಈಗ ಭಯದ ಮಾತು. ಹೋಸಿನಲ್ಲಿ ಸೂಜಿಯ ತೂತಿನಷ್ಟು ರಂಧ್ರವಾಗಿ ಎಣ್ಣೆ ಮಂಜಿನಂತೆ ಚಿಮ್ಮುತ್ತಿದ್ದರೆ, ಅದು ಎಲ್ಲಿಂದ ಬರುತ್ತಿದೆಯೆಂದು ಬೆರಳಿನಿಂದ ತಡವುವುದು ಮನುಷ್ಯರ ಸಹಜ ಅಭ್ಯಾಸ. ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಂ ಒತ್ತಡದ ಆ ಎಳೆಯು ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗಬಲ್ಲುದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ. ನೋವೂ ಮೊದಲು ಅಲ್ಪ. ಆದರೆ ಒಳಗೆ ಸೇರಿದ ಎಣ್ಣೆಯು ಅಂಗಾಂಶಗಳನ್ನು ಕೊಲ್ಲುತ್ತದೆ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದೀತು. ಎಣ್ಣೆ ಚುಚ್ಚಿದೆಯೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಸಣ್ಣ ಗಾಯವೆಂದು ಪಟ್ಟಿ ಕಟ್ಟಿ ಕಳುಹಿಸಿಯಾರು. ಸೋರಿಕೆಯನ್ನು ಹುಡುಕಲು ರಟ್ಟಿನ ತುಂಡೊಂದು ಸಾಕು; ಅದನ್ನು ದೂರದಿಂದ ಆಡಿಸಿದರೆ ಕಲೆ ಬೀಳುವ ಕಡೆ ತಿಳಿಯುತ್ತದೆ. ಯಾವ ಹೋಸನ್ನು ಬಿಚ್ಚುವುದಕ್ಕೂ ಮುಂಚೆ ಬಕೆಟ್ಟುಗಳನ್ನು ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಎಲ್ಲ ಸನ್ನೆಗಳನ್ನೂ ಎರಡು ಕಡೆಗೂ ಆಡಿಸಿ ಉಳಿದ ಒತ್ತಡವನ್ನು ಬಿಡಬೇಕು. ಎತ್ತಿದ ಲೋಡರಿನ ಕೆಳಗೆ ತಲೆ ಹಾಕುವವರು ದಂಡಕ್ಕೆ ಉಕ್ಕಿನ ಆಸರೆಯನ್ನು ತೊಡಿಸದೆ ಹೋಗಲೇಬಾರದು. ಹಳೆಯ ಯಂತ್ರಗಳಲ್ಲಿ ಈ ಆಸರೆ ಕಳೆದುಹೋಗಿರುವುದುಂಟು. ಕೊಳ್ಳುವ ದಿನ ಅದನ್ನು ಕೇಳಿ ಪಡೆಯತಕ್ಕದ್ದು. ಇಲ್ಲವಾದರೆ ಬಣ್ಣಕ್ಕಿಂತ ಮುಂಚೆ ಅದನ್ನು ಮಾಡಿಸತಕ್ಕದ್ದು.

ಮಳೆಗಾಲದಲ್ಲಿ ಕೆಲಸವಿಲ್ಲದೆ ನಿಲ್ಲುವ ಯಂತ್ರಕ್ಕೆ ಬೇರೆ ಉಪಚಾರ. ಡೀಸೆಲ್ ತೊಟ್ಟಿಯನ್ನು ತುಂಬಿಡಬೇಕು. ಖಾಲಿಬಿಟ್ಟರೆ ಒಳಗಿನ ತೇವದ ಗಾಳಿ ರಾತ್ರಿ ತಣಿದು ನೀರಾಗಿ ತಳಕ್ಕಿಳಿಯುವುದು. ಆದಷ್ಟು ಸಿಲಿಂಡರುಗಳ ದಂಡಗಳು ಒಳಗೆ ಅಡಗಿರುವಂತೆ ತೋಳುಗಳನ್ನು ಮಡಿಸಿ, ಬಕೆಟ್ಟನ್ನು ಹಲಗೆಯ ಮೇಲೆ ಊರಿ, ಹೊರಗುಳಿದ ದಂಡಗಳಿಗೆ ಗ್ರೀಸು ಸವರಬೇಕು. ಹೊಳೆಯುವ ಕ್ರೋಮಿಯಂ ಲೇಪದಲ್ಲಿ ತುಕ್ಕಿನ ಒಂದು ಚುಕ್ಕೆ ಎದ್ದರೆ ಸಾಕು, ಮಳೆ ನಿಂತು ಕೆಲಸ ಆರಂಭವಾದ ಮೊದಲ ವಾರದಲ್ಲಿಯೇ ಅದು ಅರದಂತೆ ಹೊಸ ಸೀಲನ್ನು ಕೆರೆದು ಹಾಕುತ್ತದೆ.